ನಾಲ್ಕನೇ ಕ್ಲಾಸಿನ ಒಂದು ಮಗು

ಜೂನ್ ೧೬

ಅತ್ತೆ,

ತಲುಪಿ ಎರಡು ವಾರವಾಯಿತು. ಸಾಮಾನು ಇಳಿಸಿದೆ, ಹಾಸಿಗೆ ಹಾಸಿದೆ, ಬಾಗಿಲು ಹಾಕಿಕೊಂಡು ಒಂದು ಸಲ ಅತ್ತೂ ಆಯಿತು. ಇನ್ನು ಓದುವುದೊಂದೇ ಬಾಕಿ.

ಫೋನು ಇರುವಾಗ ಪತ್ರ ಯಾಕೆ ಅನ್ನಬೇಡಿ. ಮೂವತ್ತು ವರ್ಷ ಶಾಲೆಯ ಗಂಟೆ ಹೊಡೆದ ನಿಮ್ಮ ಕಿವಿಯ ಜೊತೆ ಫೋನಿನಲ್ಲಿ ಮಾತಾಡುವುದೂ ಒಂದೇ, ಗೋಡೆಯ ಜೊತೆ ಮಾತಾಡುವುದೂ ಒಂದೇ. ನಿಮ್ಮ ಮಗ ಎರಡು ದಿನಕ್ಕೊಮ್ಮೆ ಬಸ್ಸಿನ ಡ್ರೈವರ್ ಸೀಟಿನಿಂದ ಇಳಿದು ಮನೆಗೆ ಬರುವವರು, ಬಂದರೆ ನಿದ್ದೆ. ಇನ್ನು ಉಳಿದವಳು ನಮ್ಮ ಪಿಟೀಲು. ಸಂಜೆ ಫೋನು ಎತ್ತಿ ಅವಳು ಕುಯ್ಯಲು ಶುರು ಮಾಡಿದರೆ ಬೇರೆ ಯಾರಿಗೂ ಸರದಿ ಇಲ್ಲ. ನನ್ನ ಏಳು ವರ್ಷದ ಮಗಳಿಗೆ ಆ ಅಡ್ಡಹೆಸರು ಇಟ್ಟವರು ನೀವೇ. ಅನುಭವಿಸಿ!

ರೂಮಿನಲ್ಲಿ ನನ್ನ ಜೊತೆಗಿರುವವಳಿಗೆ ಇಪ್ಪತ್ತೆರಡು ವರ್ಷ. ಮೊದಲ ದಿನ ನನ್ನನ್ನು ನೋಡಿ, ಮಗಳನ್ನು ಬಿಡಲು ಬಂದ ತಾಯಿ ಅಂದುಕೊಂಡು ಕುರ್ಚಿ ಕೊಟ್ಟಳು. ನಾನೇ ಓದುವವಳು ಅಂದಾಗ ಕುರ್ಚಿ ವಾಪಸ್ ತೆಗೆದುಕೊಳ್ಳಲಿಲ್ಲ, ಅಷ್ಟು ಒಳ್ಳೆಯವಳು. ಕೌನ್ಸೆಲಿಂಗ್ ಕೋರ್ಸಿನ ಮೊದಲ ವರ್ಷ ಮನೆಯಲ್ಲೇ ಕೂತು ಅಂಚೆಯಲ್ಲಿ ಓದಿದ್ದಾಯಿತು, ಈ ಎರಡನೇ ವರ್ಷವೆಲ್ಲ ತರಬೇತಿ. ಬೆಳಿಗ್ಗೆ ಒಂದು ಶಾಲೆಯಲ್ಲಿ ಮಕ್ಕಳ ಜೊತೆ ಕೂರಬೇಕು, ಮಧ್ಯಾಹ್ನ ಕಾಲೇಜಿಗೆ ಬಂದು, ಮಗು ಏನು ಹೇಳಿತು, ನಾನು ಏನು ಹೇಳಿದೆ ಅಂತ ಸಾಲು ಸಾಲಾಗಿ ಬರೆದು ಗೈಡ್ ಮೇಡಂಗೆ ತೋರಿಸಬೇಕು. ಶಾಲೆಯವರು ನಮಗೆ ಕೊಟ್ಟಿರುವುದು ಆಟದ ಸಾಮಾನು ಇಡುತ್ತಿದ್ದ ಕೋಣೆ. ಗಾಳಿ ಹೋದ ಹನ್ನೊಂದು ಚೆಂಡು, ಒಂದು ಕಿಟಕಿ, ಎರಡು ಕುರ್ಚಿ. ನಿನ್ನೆ ನನ್ನ ಎದುರು ಕೂತ ಮೊದಲ ಮಗು ಇಪ್ಪತ್ತು ನಿಮಿಷ ಒಂದು ಚೆಂಡನ್ನೇ ಅಮುಕುತ್ತಾ ಕೂತಿತ್ತು. ನಾನು ಅಷ್ಟೂ ಹೊತ್ತು ಬುದ್ಧಿ ಹೇಳಿದೆ. ಮೇಡಂ ನನ್ನ ಹಾಳೆ ಓದಿ, "ಇದರಲ್ಲಿ ಮಗು ಎಲ್ಲಿದೆ?" ಅಂದರು.

ಶಾಲೆಯ ಆಫೀಸಿನಲ್ಲಿ ಹನ್ನೆರಡು ವರ್ಷ ಕೂತು ಟಿ.ಸಿ. ಬರೆದವಳು ನಾನು. ಶಾಲೆ ಬಿಡುವ ಕಾರಣ ಅನ್ನುವ ಜಾಗದಲ್ಲಿ ಎಲ್ಲ ಮಕ್ಕಳಿಗೂ 'ಪೋಷಕರ ಕೋರಿಕೆ' ಅಂತಲೇ ಬರೆದೆ. ಒಬ್ಬರನ್ನೂ ಕೂರಿಸಿ ಕೇಳಲಿಲ್ಲ. ಆ ಸಂಕಟ ನಿಮ್ಮ ಹತ್ತಿರ ಹೇಳಿಕೊಂಡಾಗ, ಹೋಗಿ ಈ ಕೋರ್ಸಿನ ಅರ್ಜಿ ತಂದು ಕೈಗಿಟ್ಟವರು ನೀವು. ಅದಕ್ಕೇ ಕೇಳುತ್ತಿದ್ದೇನೆ: ಮನೆಯಲ್ಲಿ ಏನೇ ಆದರೂ ನನಗೆ ಮುಚ್ಚಿಡಬೇಡಿ. ಪಿಟೀಲು ಎರಡನೇ ಕ್ಲಾಸಿಗೆ ಹೊಂದಿಕೊಂಡಳಾ? ಸಂಜೆ ಕೇಳಿದರೆ ಬಸ್ಸಿನ ಕಥೆ, ಬೆಕ್ಕಿನ ಕಥೆ ಎಲ್ಲ ಹೇಳುತ್ತಾಳೆ, ಶಾಲೆಯ ಕಥೆ ಬರುವುದಿಲ್ಲ.

ನಿಮ್ಮನ್ನು ನೆನೆಯುತ್ತಾ,
ದೊಡ್ಡ ವಯಸ್ಸಿನ ವಿದ್ಯಾರ್ಥಿನಿ


ಜೂನ್ ೩೦

ಹಾಸ್ಟೆಲ್ಲಿನಲ್ಲಿ ಕೂತು ಪುಸ್ತಕ ಮೇಯುತ್ತಿರುವ ಸೊಸೆಗೆ,

ನಿನ್ನ ಪತ್ರ ಎರಡು ಸಲ ಓದಿದೆ. ಮೊದಲನೆಯದು ಕನ್ನಡಕ ಇಲ್ಲದೆ, ಆದ್ದರಿಂದ ಅದು ಲೆಕ್ಕಕ್ಕಿಲ್ಲ.

ಇಲ್ಲಿ ಎಲ್ಲ ಸರಿಯಾಗಿದೆ. ನಿನ್ನ ಗಂಡ ಹೊತ್ತಿಗೆ ಸರಿಯಾಗಿ ಹೋಗುತ್ತಾನೆ, ಬರುತ್ತಾನೆ, ಮಲಗುತ್ತಾನೆ. ಪಿಟೀಲು ಬೆಳಿಗ್ಗೆ ಕಣ್ಣು ಬಿಡುವ ಮುಂಚೆ ಬಾಯಿ ಬಿಡುತ್ತಾಳೆ. ಮೊನ್ನೆ ಹಲ್ಲುಜ್ಜುತ್ತಾ ನನಗೆ ರಿವರ್ಸ್ ಗೇರಿನ ಪಾಠ ಮಾಡಿದಳು, ಸೀರೆಯೆಲ್ಲ ನೊರೆ. ಶಾಲೆಗೆ ದಿನಾ ಹೋಗುತ್ತಾಳೆ. ನಾನೇ ಬಿಡುತ್ತೇನೆ, ನಾನೇ ಕರೆತರುತ್ತೇನೆ. ನನ್ನ ಹಳೆಯ ಶಾಲೆ ತಾನೇ, ಗೇಟು ದಾಟಿದರೆ ಕಾಲು ತಾನಾಗಿ ಗಂಟೆಯ ಕಡೆಗೆ ಹೋಗುತ್ತದೆ. ಈಗ ಅಲ್ಲಿ ಕರೆಂಟಿನ ಬೆಲ್ಲು.

ಅದು ಹಾಗಿರಲಿ. ನಿನ್ನ ಓದಿನಿಂದ ನನಗೊಂದು ಉಪಕಾರ ಆಗಬೇಕು. ಶಾಲೆಯಲ್ಲಿ ನಾಲ್ಕನೇ ಕ್ಲಾಸಿನ ಒಂದು ಮಗು ಇದೆ. ನಿನಗೆ ಗೊತ್ತಿರುವ ಮನೆಯದಲ್ಲ. ಮನೆಯಲ್ಲಿ ಪಟಪಟ ಮಾತಾಡುತ್ತದಂತೆ, ಶಾಲೆಯ ಗೇಟು ದಾಟಿದರೆ ಬಾಯಿಗೆ ಬೀಗ. ಹಾಜರಿ ಕೂಗಿದರೂ ಇಲ್ಲ, ಹೊಡೆದರೂ ಇಲ್ಲ, ಮಿಠಾಯಿ ಕೊಟ್ಟರೂ ಇಲ್ಲ. ತಿಂಗಳಾಗುತ್ತಾ ಬಂತು. ಅವರ ಮನೆಯ ಮುದುಕಿ ನನಗೆ ಪರಿಚಯದವಳು. ಬಂದು ಕೂತು ಕಣ್ಣೀರು ಹಾಕುತ್ತಾಳೆ. ಕ್ಲಾಸಿನ ಟೀಚರು, "ಮಾತು ಬೆಳ್ಳಿ, ಮೌನ ಬಂಗಾರ ಅಂತಾರಲ್ಲಜ್ಜಿ, ಬಿಡಿ" ಅಂದರಂತೆ. ನನಗೆ ಕೋಪ ಬಂತು. ಬಂಗಾರ ಅಂತ ಮಗುವಿನ ಗಂಟಲಲ್ಲಿ ತುರುಕಿದರೆ ಉಸಿರಾಡುವುದು ಹೇಗೆ?

ನಿಮ್ಮ ಪುಸ್ತಕದಲ್ಲಿ ಇಂಥದ್ದಕ್ಕೆ ಏನಾದರೂ ಇದೆಯೇ? ಇದ್ದರೆ ಬೇಗ ಬರೆ. ಫೋನಿನಲ್ಲಿ ಹೇಳಬೇಡ, ಪಿಟೀಲಿನ ಕಿವಿಗೆ ಬೀಳುವುದು ಬೇಡ. ಬೇರೆಯವರ ಮನೆ ವಿಷಯ.

ಒಂದೂವರೆ ಕಿವಿಯ,
ನಿನ್ನ ಅತ್ತೆ


ಜುಲೈ ೯

ಅತ್ತೆ,

ನಿಮ್ಮ ಪತ್ರ ಬಂದ ದಿನ ನಾನು ನೆಲದ ಮೇಲೆ ನಡೆಯಲಿಲ್ಲ. ಜೀವಮಾನದಲ್ಲಿ ಮೊದಲ ಸಲ ನನ್ನ ಅತ್ತೆ ನನ್ನನ್ನು ಸಲಹೆ ಕೇಳಿದ್ದಾರೆ! ರೂಮಿನ ಹುಡುಗಿಗೆ ಪತ್ರ ತೋರಿಸಿದೆ. ಇನ್ನೂ ಒಂದು ಒಳ್ಳೆಯ ಸುದ್ದಿ: ಈ ವರ್ಷ ನಾವೆಲ್ಲ ಒಂದು ವಿಶೇಷ ಕೇಸು ಬರೆಯಬೇಕು. ಮಗುವನ್ನು ನಾವು ನೋಡಬಾರದು, ಮಗುವಿನ ಜೊತೆ ಇರುವ ದೊಡ್ಡವರಿಗೆ ಮಾತ್ರ ದಾರಿ ತೋರಿಸಬೇಕು. ನಿಮ್ಮ ನಾಲ್ಕನೇ ಕ್ಲಾಸಿನ ಮಗುವನ್ನೇ ತೆಗೆದುಕೊಳ್ಳಲಾ ಅಂತ ಮೇಡಂನ ಕೇಳಿದೆ. ಹೂಂ ಅಂದಿದ್ದಾರೆ.

ನೋಡಿ, ಇದು ಹಟ ಅಲ್ಲ. ಆ ಮಗುವಿಗೆ ಮಾತಾಡಬೇಕು ಅಂತಲೇ ಇರುತ್ತದೆ, ಭಯಕ್ಕೆ ಗಂಟಲು ಕಟ್ಟಿಕೊಳ್ಳುತ್ತದೆ. ಆದ್ದರಿಂದ ಹೊಡೆಯುವುದು, ಹೆದರಿಸುವುದು, ಆಸೆ ತೋರಿಸುವುದು ಎಲ್ಲ ಮೊದಲು ನಿಲ್ಲಬೇಕು.

ಆದರೆ ಅತ್ತೆ, ನಿಮ್ಮ ಪತ್ರದಲ್ಲಿ ಮುದುಕಿ ಇದ್ದಾಳೆ, ಟೀಚರ್ ಇದ್ದಾರೆ. ತಾಯಿ ಎಲ್ಲಿ? ಹೆತ್ತ ಮಗು ತಿಂಗಳುಗಟ್ಟಲೆ ಶಾಲೆಯಲ್ಲಿ ಮೂಕವಾಗಿ ಕೂತಿದ್ದರೆ ತಾಯಿಯಾದವಳಿಗೆ ಗೊತ್ತಾಗುವುದಿಲ್ಲವೇ? ಮುಖ ನೋಡಿದರೆ, ದನಿ ಕೇಳಿದರೆ ಗೊತ್ತಾಗಬೇಕು. ನನ್ನನ್ನು ಕೇಳಿದರೆ ಇಲ್ಲಿ ಚಿಕಿತ್ಸೆ ಬೇಕಾಗಿರುವುದು ಆ ತಾಯಿಗೆ. ಅವಳನ್ನು ಕರೆಸಿ ಕೂರಿಸಿ ನಾಲ್ಕು ಮಾತು ಕೇಳಿ ಅಂತ ಮುದುಕಿಗೆ ಹೇಳಿ. ಎಂಥವಳಪ್ಪಾ ಅನಿಸಿತು.

ಪಿಟೀಲಿಗೆ ಮುತ್ತು. ನಿನ್ನೆ ಫೋನಿನಲ್ಲಿ ಹಾಡು ಹೇಳಿದಳು, ಎಂಟು ಚರಣ.

ನಿಮ್ಮ,
ಸಲಹೆಗಾರ್ತಿ


ಜುಲೈ ೨೮

ಸಲಹೆಗಾರ್ತಿ ಸೊಸೆಗೆ,

ನಿನ್ನ ಪತ್ರ ಮುದುಕಿಗೆ ಓದಿ ಹೇಳಿದೆ. ಹೆದರಿಸಬಾರದು ಅನ್ನುವ ಕಡೆ ಅವಳು ತಲೆ ತಗ್ಗಿಸಿದಳು. ಒಂದು ಸಂಜೆ ಅವಳೇ ಗೇಟಿನ ಹತ್ತಿರ, "ಟೀಚರಿಗೆ ಒಂದು ಮಾತು ಹೇಳಿ ಬರದಿದ್ರೆ ಇಲ್ಲೇ ಬಿಟ್ಟು ಹೋಗ್ತೀನಿ" ಅಂದು ಹತ್ತು ಹೆಜ್ಜೆ ನಡೆದುಬಿಟ್ಟಿದ್ದಳಂತೆ. ಮಗು ಕೂಗಲಿಲ್ಲ. ನಿಂತಲ್ಲೇ ನಿಂತು ನೋಡಿತಂತೆ. ಆ ನೋಟ ಇವತ್ತಿಗೂ ಕಣ್ಣ ಮುಂದೆ ಇದೆ ಅಂತಾಳೆ.

ಇನ್ನೊಂದು ಹೇಳಬೇಕು. ಒಂದಕ್ಕೆ ಹೋಗಬೇಕು ಅಂತ ಕೇಳಲೂ ಆಗದೆ ಮಗು ಎರಡು ಸಲ ಬೆಂಚಿನಲ್ಲೇ ಮಾಡಿಕೊಂಡಿದೆ. ಈಗ ಮುದುಕಿ ದಿನಾ ಇನ್ನೊಂದು ಜೊತೆ ಬಟ್ಟೆ ಚೀಲದಲ್ಲಿಟ್ಟುಕೊಂಡು ವರಾಂಡದಲ್ಲೇ ಕೂತಿರುತ್ತಾಳೆ.

ತಾಯಿಯ ವಿಷಯ. ಅವಳು ಬೇರೆ ಊರಿನಲ್ಲಿದ್ದಾಳೆ, ಕೆಲಸದ ಮೇಲೆ. ಕೆಟ್ಟವಳಲ್ಲ. ನಾನು ಅವಳನ್ನು ಬಲ್ಲೆ. ದಿನಾ ಮಗುವಿನ ದನಿ ಕೇಳುತ್ತಾಳೆ, ಮನೆಯಲ್ಲಿ ಮಗು ಚೆನ್ನಾಗಿಯೇ ಮಾತಾಡುವಾಗ ಅವಳಿಗೆ ಗೊತ್ತಾಗುವುದಾದರೂ ಹೇಗೆ? ಗೊತ್ತಾದರೆ ಎಲ್ಲ ಬಿಟ್ಟು ಓಡಿ ಬರುತ್ತಾಳೆ ಅಂತ ಮನೆಯವರೇ ಹೇಳಿಲ್ಲ. ಅದು ತಪ್ಪಿದ್ದರೆ ಮುದುಕಿಯ ತಪ್ಪು. ಆ ತಾಯಿಯನ್ನು ಇನ್ನು ಮುಂದೆ ಬೈದು ಬರೆಯಬೇಡ. ನನಗೆ ಬೇಜಾರಾಗುತ್ತದೆ.

ಅವಳನ್ನು ಕರೆಸದೆ ಮಾಡುವಂಥದ್ದು ಏನಾದರೂ ಇದ್ದರೆ ಹೇಳು.

ಅತ್ತೆ


ಆಗಸ್ಟ್ ೧೨

ಅತ್ತೆ,

ನಿಮ್ಮ ಪತ್ರ ಬರುವ ಮುಂಚೆಯೇ ನನಗೆ ಮಂಗಳಾರತಿ ಆಗಿತ್ತು. ನಾನು ತಾಯಿಯ ಬಗ್ಗೆ ಬರೆದದ್ದನ್ನು ಕೇಸಿನ ಹಾಳೆಯಲ್ಲೂ ಬರೆದಿದ್ದೆ. ಮೇಡಂ ಕೆಂಪು ಗೀಟು ಎಳೆದು ಕೇಳಿದರು: "ಈ ತಾಯಿಯನ್ನ ನೀನು ನೋಡಿದೀಯಾ?" ಇಲ್ಲ ಮೇಡಂ. "ಮಾತಾಡಿದೀಯಾ?" ಇಲ್ಲ ಮೇಡಂ. "ಮತ್ತೆ ತೀರ್ಪು ಕೊಡೋಕೆ ನಿನ್ನನ್ನ ಯಾರು ಕೂರಿಸಿದ್ರು? ಅವಳೂ ಎಲ್ಲೋ ಒದ್ದಾಡ್ತಿರ್ತಾಳೆ. ಒಂದೇ ಕಾರಣ, ಒಬ್ಬರದೇ ತಪ್ಪು ಅಂತ ಹುಡುಕೋಕೆ ಹೋಗಬೇಡ." ಎಲ್ಲರ ಎದುರಿಗೇ ಹೇಳಿದರು. ನಾಚಿಕೆಯಾಯಿತು. ಆ ತಾಯಿಯ ಕ್ಷಮೆ ಕೇಳಬೇಕು ಅನಿಸಿದೆ. ಎಂದಾದರೂ ಸಿಕ್ಕಿದರೆ ಕೇಳುತ್ತೇನೆ.

ಈಗ ಮಾಡಬೇಕಾದದ್ದು. ಮೇಡಂ ಜೊತೆ ಕೂತು ಬರೆದದ್ದು ಇದು, ಆತುರ ಮಾಡಬಾರದು. ಶಾಲೆ ಬಿಟ್ಟ ಮೇಲೆ, ಎಲ್ಲ ಮಕ್ಕಳು ಹೋದ ಮೇಲೆ, ಮುದುಕಿ ಮಗುವನ್ನು ಖಾಲಿ ಕ್ಲಾಸಿಗೆ ಕರೆದುಕೊಂಡು ಹೋಗಲಿ. ನಿಮಗೆ ಅಲ್ಲಿ ಯಾರೂ ಬೇಡ ಅನ್ನುವುದಿಲ್ಲ, ಬಾಗಿಲು ತೆಗೆಸಿಕೊಡಿ. ಮಾತಾಡು ಅನ್ನಬಾರದು. ಸುಮ್ಮನೆ ಆಟ ಆಡಲಿ, ಹಲಗೆ ಒರೆಸಲಿ. ಮಗು ತಾನಾಗಿ ಮುದುಕಿಯ ಜೊತೆ ಅಲ್ಲಿ ಮಾತಾಡಲು ಶುರು ಮಾಡಿದರೆ, ಮಾತಾಡಿತು ಅಂತ ಹಿಗ್ಗಿ ಚಪ್ಪಾಳೆ ತಟ್ಟಬಾರದು. ಅದು ಸಲೀಸಾದ ಮೇಲೆ ಮಗುವಿಗೆ ಇಷ್ಟವಾದ ಒಬ್ಬ ಗೆಳತಿಯೋ ಗೆಳೆಯನೋ ಆ ಆಟಕ್ಕೆ ಸೇರಲಿ. ಆಮೇಲೆ ಇಬ್ಬರು. ಆಮೇಲೆ ಟೀಚರ್ ಬಾಗಿಲ ಬಳಿ. ಕೊನೆಗೆ ಮುದುಕಿ ಸ್ವಲ್ಪ ಸ್ವಲ್ಪವೇ ದೂರ ಸರಿಯಬೇಕು. ತಿಂಗಳುಗಳೇ ಹಿಡಿಯಬಹುದು.

ಟೀಚರಿಗೆ ಒಂದು ಮಾತು: ಒಂದಕ್ಕೆ ಹೋಗಲು ಬಾಯಲ್ಲಿ ಕೇಳಲೇಬೇಕು ಅನ್ನಬಾರದು, ಮಗು ಮೇಜಿನ ಮೇಲೆ ಒಂದು ಚೀಟಿ ಇಟ್ಟು ಹೋಗಿಬರಲಿ. ಆ ಬೆಂಚಿನ ವಿಷಯ ಓದಿದ ರಾತ್ರಿ ನನಗೆ ಊಟ ಸೇರಲಿಲ್ಲ.

ನಿಮ್ಮ,
ಬೈಸಿಕೊಂಡವಳು


ಸೆಪ್ಟೆಂಬರ್ ೨೧

ಸೊಸೆಗೆ,

ತಡವಾಯಿತು. ಕೆಲಸ ಇತ್ತು, ಸಂಜೆ ಶಾಲೆಯಲ್ಲೇ ಹೊತ್ತಾಗುತ್ತದೆ. ಮುದುಕಿಗೆ ಜೊತೆಗೆ ನಾನೂ ಹೋಗುತ್ತೇನೆ ಅನ್ನು.

ಚೀಟಿಯ ಉಪಾಯ ಮೊದಲ ದಿನವೇ ಗೆದ್ದಿತು. ಬಟ್ಟೆಯ ಚೀಲ ಈಗ ಮನೆಯಲ್ಲೇ ಉಳಿಯುತ್ತದೆ.

ಖಾಲಿ ಕ್ಲಾಸಿನಲ್ಲಿ ಮೊದಲ ಐದು ದಿನ ಏನೂ ಇಲ್ಲ. ಮಗು ಹಲಗೆ ಒರೆಸುವುದು, ಮುದುಕಿ ಬೆಂಚಿನ ಮೇಲೆ ಕಾಲು ಚಾಚುವುದು. ಆರನೇ ದಿನ ಮುದುಕಿಗೆ ಕೂತಲ್ಲೇ ಜೊಂಪು ಹತ್ತಿತು. ಕಣ್ಣು ಬಿಟ್ಟರೆ ಮಗು ಕೋಲು ಹಿಡಿದುಕೊಂಡು ಖಾಲಿ ಬೆಂಚುಗಳಿಗೆ ಪಾಠ ಮಾಡುತ್ತಿದೆ! "ಏ ಮೂರನೇ ಬೆಂಚು, ಏನದು ಗಲಾಟೆ? ನಿಮ್ಮಜ್ಜಿ ಮಲಗಿದಾರೆ ಅಂತ ಗೊತ್ತಾಗಲ್ವಾ?" ಮುದುಕಿ ತಿರುಗಿ ಕಣ್ಣು ಮುಚ್ಚಿ ಗೊರಕೆ ಹೊಡೆದಳು. ಚಪ್ಪಾಳೆ ತಟ್ಟಬೇಡಿ ಅಂದಿದ್ದೆಯಲ್ಲ, ಅದಕ್ಕೆ. ಗೊರಕೆ ಹೊಡೆಯುತ್ತಾ ಅಳುವುದು ಎಷ್ಟು ಕಷ್ಟ ಅಂತ ನಿಮ್ಮ ಮೇಡಂಗೆ ಗೊತ್ತಿರಲಿಕ್ಕಿಲ್ಲ.

ಮುಂದಿನ ವಾರ ಪಕ್ಕದ ಬೆಂಚಿನ ಮಗು ಆಟಕ್ಕೆ ಬಂತು. ಅದರ ಹಲ್ಲು ಬಿದ್ದಿದೆ, ಅದೂ ಮಾತು ಕಮ್ಮಿ. ಇಬ್ಬರೂ ಹಲಗೆಯ ಮೇಲೆ ಬಸ್ಸು ಬರೆದರು. ಮೂರನೇ ದಿನ ನಮ್ಮ ಮಗು ಅದರ ಕಿವಿಯಲ್ಲಿ ಏನೋ ಪಿಸುಗುಟ್ಟಿತು. ಏನು ಅಂತ ಕೇಳಿಸಲಿಲ್ಲ, ಕೇಳಲೂ ಇಲ್ಲ.

ನಿನ್ನ ವಿದ್ಯೆ ಸುಳ್ಳಲ್ಲ ಕಣಮ್ಮ. ಹಿತ್ತಲ ಗಿಡ ಮದ್ದಲ್ಲ ಅಂತಾರೆ. ನಾನು ಒಪ್ಪುವುದಿಲ್ಲ.

ಅತ್ತೆ


ಅಕ್ಟೋಬರ್ ೧

ಅತ್ತೆ,

ನಿಮ್ಮ ಪತ್ರವನ್ನು ತರಗತಿಯಲ್ಲಿ ಓದಿದೆ. ಗೊರಕೆಯ ಕಡೆ ಬಂದಾಗ ಎಲ್ಲರೂ ನಕ್ಕರು, ಮೇಡಂ ಮಾತ್ರ ಕನ್ನಡಕ ತೆಗೆದು ಒರೆಸಿಕೊಂಡರು. "ಆ ಮುದುಕಿಗೆ ನನ್ನ ನಮಸ್ಕಾರ ತಿಳಿಸು" ಅಂದಿದ್ದಾರೆ. ದಯವಿಟ್ಟು ತಿಳಿಸಿ. ನನ್ನದೂ ಇರಲಿ.

ಈಗ ಒಂದು ಕಾಗದದ ಕೆಲಸ. ಈ ಕೇಸು ನನ್ನ ದಾಖಲೆ ಪುಸ್ತಕಕ್ಕೆ ಸೇರಬೇಕಾದರೆ ಪೋಷಕರ ಒಪ್ಪಿಗೆ ಬೇಕು. ಮೊದಲೇ ಪಡೆಯಬೇಕಿತ್ತು, ಉತ್ಸಾಹದಲ್ಲಿ ಮರೆತೆ. ಇದಕ್ಕೂ ಬೈಸಿಕೊಂಡೆ. ಒಪ್ಪಿಗೆ ಪತ್ರ ಜೊತೆಗಿಟ್ಟಿದ್ದೇನೆ. ಮಗುವಿನ ಹೆಸರು, ಊರು ಎಲ್ಲೂ ಬರೆಯಬಾರದು. ಕೆಳಗೆ ತಂದೆಯದೋ ತಾಯಿಯದೋ ಸಹಿ ಮಾತ್ರ ಸಾಕು. ತಾಯಿ ಊರಿನಲ್ಲಿಲ್ಲವಲ್ಲ, ತಂದೆಯ ಹತ್ತಿರ ಹಾಕಿಸಿ ಕಳಿಸಿ. ಒಲ್ಲೆ ಅಂದರೆ ಒತ್ತಾಯ ಬೇಡ.

ನಿಮ್ಮ,
ಮರೆಗುಳಿ


ಅಕ್ಟೋಬರ್ ೧೦

ಸೊಸೆಗೆ,

ಐದು ದಿನ ಈ ಕಾಗದ ದಿಂಬಿನ ಕೆಳಗೆ ಇಟ್ಟುಕೊಂಡಿದ್ದೆ. ಯಾರದೋ ಹೆಸರು ಗೀಚಿ ಕಳಿಸಿದರೆ ಮುಗಿಯುತ್ತಿತ್ತು. ಮೂವತ್ತು ವರ್ಷ ಮಕ್ಕಳ ಕೈಗೆ ಚೀಟಿ ಕೊಟ್ಟು 'ಮನೆಯವರ ಸಹಿ ಹಾಕಿಸಿಕೊಂಡು ಬಾ, ಕಳ್ಳ ಸಹಿ ಹಾಕಿದರೆ ನನಗೆ ಗೊತ್ತಾಗುತ್ತೆ' ಅಂದವಳು ನಾನು. ಕೈ ಏಳಲಿಲ್ಲ.

ಮಗುವಿನ ತಂದೆಯ ಸಹಿ ಹಾಕಿಸಿ ಕಳಿಸಿದ್ದೇನೆ. ಕೂತುಕೊಂಡು ನೋಡು.

ಹೊಟ್ಟೆಗೆ ಹಾಕಿಕೋ.

ಅತ್ತೆ


ಅಕ್ಟೋಬರ್ ೧೪

ಅತ್ತೆ,

ಆ ಸಹಿ ನಮ್ಮ ಪಿಟೀಲಿನ ಅಂಕಪಟ್ಟಿಯ ಮೇಲಿದೆ. ನನ್ನ ಮದುವೆಯ ರಿಜಿಸ್ಟರಿನಲ್ಲಿ ನನ್ನ ಹೆಸರಿನ ಪಕ್ಕದಲ್ಲಿದೆ. ಮೊದಲ ಅಕ್ಷರವನ್ನು ಬಸ್ಸು ತಿರುಗಿಸಿದ ಹಾಗೆ ಅಷ್ಟು ದೊಡ್ಡದಾಗಿ ಸುತ್ತುವವರು ಪ್ರಪಂಚದಲ್ಲಿ ಒಬ್ಬರೇ ಇರುವುದು.

ನಾಲ್ಕು ತಿಂಗಳು, ಅತ್ತೆ. ನಾಲ್ಕು ತಿಂಗಳು ನೀವಿಬ್ಬರೂ ಸೇರಿ ನನ್ನ ಮಗಳನ್ನು ನನ್ನಿಂದ ಮುಚ್ಚಿಟ್ಟಿರಿ. ನನಗೆ ನಿಮ್ಮ ಮೇಲೆ ಬಂದಿರುವ ಕೋಪವನ್ನು ಬರೆಯಲು ಬರುವುದಿಲ್ಲ. ನನ್ನ ಮೇಲೆ ಬಂದಿರುವುದನ್ನಂತೂ ಕೇಳಲೇಬೇಡಿ. 'ಎಂಥವಳಪ್ಪಾ' ಅಂತ ಬರೆದಿದ್ದೆನಲ್ಲ, ಅಂಥವಳು ಇಲ್ಲಿ ಕೂತಿದ್ದಾಳೆ. ಪಿಟೀಲು ಬೆಂಚಿನ ಮೇಲೆ ಒದ್ದೆಯಾಗಿ ಕೂತಿದ್ದ ಹೊತ್ತಿನಲ್ಲಿ ನಾನು ಯಾರದೋ ಮಕ್ಕಳ ಎದುರು ಕೂತು 'ಹೇಳು ಪುಟ್ಟ, ನಾನು ಕೇಳ್ತಿದೀನಿ' ಅನ್ನುತ್ತಿದ್ದೆ. ಊರಿಗೆ ಉಪಕಾರಿ, ಮನೆಗೆ ಮಾರಿ.

ಓದು ಬಿಡುತ್ತೇನೆ ಅಂತ ಅರ್ಜಿ ಬರೆದಿದ್ದೇನೆ. ಮೇಡಂ ಊರಿನಲ್ಲಿಲ್ಲ, ಸೋಮವಾರ ಕೊಡುತ್ತೇನೆ. ಫೋನು ಮಾಡಲಾರೆ. ಅವಳ ದನಿ ಕೇಳಿದರೆ ನಾನು ಅತ್ತುಬಿಡುತ್ತೇನೆ, ಅವಳು ಹೆದರುತ್ತಾಳೆ.

ನಿಮ್ಮ ಸೊಸೆ


ಅಕ್ಟೋಬರ್ ೧೭

ಮಗಳೇ,

ಇದನ್ನು ನಿನ್ನ ಗಂಡನ ಸ್ನೇಹಿತನ ಬಸ್ಸಿನಲ್ಲಿ ಕೈಯಾರೆ ಕಳಿಸುತ್ತಿದ್ದೇನೆ, ಸೋಮವಾರಕ್ಕೆ ಮುಂಚೆ ನಿನಗೆ ಸಿಗಲಿ ಅಂತ. ಕೋಪ ಮಾಡಿಕೋ, ನಿನಗೆ ಹಕ್ಕಿದೆ. ಓದಿ ಆಮೇಲೆ ಮಾಡಿಕೋ.

ನಿನಗೆ ಹೇಳದೆ ಇದ್ದದ್ದು ನನ್ನ ನಿರ್ಧಾರ. ನಿನ್ನ ಗಂಡ ಎರಡು ಸಲ ಫೋನು ಕೈಗೆತ್ತಿಕೊಂಡ, ಎರಡು ಸಲವೂ ನಾನು ಕಿತ್ತಿಟ್ಟೆ. ಹೇಳಿದ್ದರೆ ನೀನು ಮಾರನೇ ದಿನವೇ ಬರುತ್ತಿದ್ದೆ. ಬಂದರೆ ಮತ್ತೆ ಹೋಗುತ್ತಿರಲಿಲ್ಲ. ನನಗೆ ಎರಡೂ ಬೇಕಾಗಿತ್ತು: ಮಗುವಿಗೆ ಮಾತು ಬರಬೇಕು, ನಿನ್ನ ಓದು ನಿಲ್ಲಬಾರದು. ದುರಾಸೆ ಅನ್ನು. ಗೇಟಿನಲ್ಲಿ ಮಗುವನ್ನು ಬಿಟ್ಟು ಹತ್ತು ಹೆಜ್ಜೆ ನಡೆದ ಮುದುಕಿ ನಾನೇ. ಬೇರೆಯವಳ ಹೆಸರಿನಲ್ಲಿ ಬರೆದದ್ದಕ್ಕೇ ಅದನ್ನು ನಿನಗೆ ಬರೆಯಲಾಯಿತು.

ಇನ್ನೊಂದು ಹೇಳಿರಲಿಲ್ಲ. ಕಳೆದ ತಿಂಗಳು ಖಾಲಿ ಕ್ಲಾಸಿನಲ್ಲಿ ಹಲಗೆ ಒರೆಸುತ್ತಾ ಅವಳೇ ಹೇಳಿದಳು. ಶಾಲೆ ಶುರುವಾದ ಮೊದಲ ವಾರ ಟೀಚರ್ ಎಲ್ಲರನ್ನೂ ಅಪ್ಪ ಅಮ್ಮ ಏನು ಮಾಡ್ತಾರೆ ಅಂತ ಕೇಳಿದರಂತೆ. ಇವಳು ಎದ್ದು, "ಅಪ್ಪ ಬಸ್ ಓಡಿಸ್ತಾರೆ, ಅಮ್ಮ ಓದೋಕೆ ಹೋಗಿದಾಳೆ" ಅಂದಳಂತೆ. ಹಿಂದಿನಿಂದ ಯಾವುದೋ ಮಗು, "ಅಮ್ಮಂದಿರು ಓದ್ತಾರಾ? ಫೇಲಾಗಿರಬೇಕು!" ಅಂತು. ಇಡೀ ಕ್ಲಾಸು ನಕ್ಕಿತು, ಟೀಚರೂ ನಕ್ಕರು. ಅಷ್ಟೇ. ಮಕ್ಕಳ ಮಾತು. ಮರೆತುಹೋಗಬೇಕಾದದ್ದು ಇವಳ ಗಂಟಲಲ್ಲಿ ಸಿಕ್ಕಿಕೊಂಡಿತು.

ಈಗ ನೀನು ಓದು ಬಿಟ್ಟು ಬಂದರೆ ಆ ಕ್ಲಾಸಿನಲ್ಲಿ ಅವಳು ಏನು ಹೇಳಬೇಕು, ಯೋಚನೆ ಮಾಡು. ನಾನು ತಡೆಯುವುದಿಲ್ಲ. ಬರುವುದಾದರೆ ಬಾ, ನೋಡು, ಎತ್ತಿಕೋ, ಅಳು. ಆದರೆ ಅರ್ಜಿ ಕೊಡದೆ ಬಾ. ಆಮೇಲೂ ಬಿಡಬೇಕು ಅನಿಸಿದರೆ ನಾನೇ ನಿನ್ನ ಟ್ರಂಕು ತರಲು ಬರುತ್ತೇನೆ.

ನಿನ್ನನ್ನು ತಪ್ಪಾಗಿ ಪ್ರೀತಿಸಿದ,
ಅತ್ತೆ


ನವೆಂಬರ್ ೫

ಅತ್ತೆ,

ವಾಪಸ್ ಬಂದು ಹತ್ತು ದಿನವಾಯಿತು. ಮನೆಯಲ್ಲಿದ್ದ ಮೂರು ದಿನದಲ್ಲಿ ನಿಮ್ಮ ಹತ್ತಿರ ನೆಟ್ಟಗೆ ಮಾತಾಡಲಿಲ್ಲ. ಕೋಪ ಇರಲಿಲ್ಲ, ನಿಮ್ಮ ಮುಖ ನೋಡಿದರೆ ಕೆಳಗೆ ಕೂತು ನಿಮ್ಮ ತೊಡೆಯ ಮೇಲೆ ತಲೆಯಿಟ್ಟು ಅಳಬೇಕು ಅನಿಸುತ್ತಿತ್ತು. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಾ ನಿಂತುಬಿಟ್ಟೆ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದದ್ದು ನಿಮಗೆ ಗೊತ್ತಾಯಿತು, ನೀವು ಅದನ್ನು ಮತ್ತೆ ಒರೆಸಿಟ್ಟಿರಿ.

ಶನಿವಾರ ಬೆಳಿಗ್ಗೆ ನಾನೂ ನಿಮ್ಮ ಜೊತೆ ಶಾಲೆಗೆ ಬಂದೆನಲ್ಲ. ಗೇಟಿನವರೆಗೆ ಅವಳು ನನ್ನ ಕೈ ಹಿಡಿದು ಬೆಕ್ಕಿನ ಮರಿಗಳ ಕಥೆ ಹೇಳುತ್ತಿದ್ದಳು. ಎರಡನೇ ಮರಿಯ ಬಣ್ಣ ಹೇಳುವಷ್ಟರಲ್ಲಿ ಗೇಟು ಬಂತು, ಮಾತು ಅಲ್ಲಿಗೇ ನಿಂತಿತು. ಕೈ ಬಿಡಲಿಲ್ಲ. ಕ್ಲಾಸಿನ ಬಾಗಿಲಲ್ಲಿ ಬಿಟ್ಟು, ಹಿಂದೆ ನೋಡದೆ ಒಳಗೆ ನಡೆದಳು. ಪುಸ್ತಕದಲ್ಲಿ ಎಷ್ಟು ಪುಟ ಓದಿದ್ದೆ ಇದರ ಬಗ್ಗೆ. ಅವಳ ಕೈ ನನ್ನ ಕೈಯೊಳಗೆ ಬಿಗಿಯಾದದ್ದು ಯಾವ ಪುಟದಲ್ಲೂ ಇರಲಿಲ್ಲ.

ಆ ಸಂಜೆ ಅವಳ ತಲೆ ಬಾಚುತ್ತಾ ಕೇಳಿದೆ: "ನಾನು ಇಲ್ಲೇ ಇದ್ದುಬಿಡಲಾ ಪುಟ್ಟಿ?" ತಕ್ಷಣ ತಿರುಗಿದಳು, ಬಾಚಣಿಗೆ ಕೂದಲಲ್ಲೇ ಉಳಿಯಿತು. "ನೀನು ಫೇಲಾದ್ಯಾ?" "ಇಲ್ಲ." "ಮತ್ತೆ ಯಾಕೆ ಮಧ್ಯದಲ್ಲಿ ಬರ್ತೀಯಾ? ಪಾಸಾಗಿ ಬಾ. ನಾನು ಪಾಸಾಗದೆ ಬಂದ್ರೆ ನೀನು ಬಿಡ್ತೀಯಾ?" ನಾನು ಬಾಚಣಿಗೆ ಬಿಡಿಸಿಕೊಂಡೆ. ಜಡೆ ಮುಗಿಯುವಷ್ಟರಲ್ಲಿ ಅವಳೇ, "ಪ್ರತಿ ತಿಂಗಳು ಮೂರು ದಿನ ಬಾ. ಅದಕ್ಕೆ ಪರವಾಗಿಲ್ಲ" ಅಂದಳು. ಬರುತ್ತೇನೆ.

ಅರ್ಜಿ ಹರಿದು ಹಾಕಿದೆ. ಮೇಡಂಗೆ ಎಲ್ಲ ಹೇಳಿದೆ. ಅವರು ಕೇಸನ್ನು ನನ್ನ ಪುಸ್ತಕದಿಂದ ತೆಗೆದರು. "ಅವಳಿಗೆ ಕೌನ್ಸೆಲರ್ ನಾನಾಗ್ತೀನಿ, ನಿಮ್ಮತ್ತೆಗೆ ನಾನೇ ಬರೀತೀನಿ. ನೀನು ಬರೀ ಅಮ್ಮ. ಅದೇ ಸಾಕಷ್ಟು ಕೆಲಸ" ಅಂದರು. ನಾನು ಬೇರೆ ಕೇಸು ಹುಡುಕಿಕೊಳ್ಳಬೇಕು. ಆ ತಾಯಿಯ ಕ್ಷಮೆ ಕೇಳ್ತೀನಿ ಅಂದಿದ್ದೆನಲ್ಲ, ಅದನ್ನೂ ಮೇಡಂಗೆ ಹೇಳಿದೆ. ಅವರು, "ಅದು ದಿನಾ ಸ್ವಲ್ಪ ಸ್ವಲ್ಪ ಆಗೋ ಕೆಲಸ" ಅಂದು ಚಹಾ ತರಿಸಿಕೊಟ್ಟರು.

ಇನ್ನು ಮುಂದೆ ಒಳ್ಳೆಯದಿರಲಿ ಕೆಟ್ಟದ್ದಿರಲಿ, ಇದ್ದದ್ದು ಇದ್ದ ಹಾಗೆ ಬರೆಯಿರಿ. ಇದು ನಾನು ನಿಮಗೆ ಹಾಕುತ್ತಿರುವ ಷರತ್ತು.

ನಿಮ್ಮ ಮಗಳು, ನೀವೇ ಹಾಗೆ ಬರೆದಿದ್ದೀರಿ, ಈಗ ಹಿಂದೆ ತೆಗೆದುಕೊಳ್ಳುವ ಹಾಗಿಲ್ಲ


ಮಾರ್ಚ್ ೧೧

ಮಗಳೇ,

ಇದ್ದದ್ದು ಇದ್ದ ಹಾಗೆ ಬರೆ ಅಂದೆ. ಬರೆಯುತ್ತೇನೆ: ಇವತ್ತು ನಿನ್ನ ಮಗಳನ್ನು ಕ್ಲಾಸಿನಿಂದ ಹೊರಗೆ ಹಾಕಿದರು.

ನೀನು ಫೆಬ್ರವರಿಯಲ್ಲಿ ಬಂದು ಹೋದಾಗ ಎಲ್ಲಿಗೆ ಬಂದಿತ್ತು ನಿನಗೆ ಗೊತ್ತು. ಹಲ್ಲಿಲ್ಲದ ಗೆಳತಿಯ ಜೊತೆ ಮಾತು, ಇನ್ನಿಬ್ಬರ ಜೊತೆ ಪಿಸುಮಾತು, ಟೀಚರ್ ಹತ್ತಿರ ತಲೆಯಾಡಿಸುವುದು. ನಿಮ್ಮ ಮೇಡಂ ಪ್ರತಿ ಪತ್ರದಲ್ಲೂ, ಇನ್ನು ನೀವು ವರಾಂಡದಿಂದ ಸ್ವಲ್ಪ ದೂರ ಸರಿಯಿರಿ ಅಂತ ಬರೆಯುತ್ತಿದ್ದರು. ನಾನು ಸರಿಯುತ್ತೇನೆ, ಸರಿಯುತ್ತೇನೆ ಅಂತ ಉತ್ತರ ಬರೆದು ಅಲ್ಲೇ ಕೂರುತ್ತಿದ್ದೆ. ಧೈರ್ಯ ಬರಲಿಲ್ಲ.

ಇವತ್ತೂ ಅಲ್ಲೇ ಕೂತಿದ್ದೆ. ಒಳಗೆ ಟೀಚರ್ ಹಲಗೆಯ ಮೇಲೆ ಲೆಕ್ಕ ಬರೆಯುತ್ತಿದ್ದರು. ಬಾಗಿಲು ತೆಗೆದು ಇವಳು ಹೊರಗೆ ಬಂದಳು, ಮುಖ ಇಷ್ಟು ದಪ್ಪ. ಹತ್ತಿರ ಹೋಗಿ ಮೆಲ್ಲಗೆ, "ಏನಾಯ್ತೇ?" ಅಂದೆ.

"ಮಾತಾಡಿದ್ದಕ್ಕೆ ಹೊರಗೆ ಹೋಗು ಅಂದ್ರು!" ಅಂದಳು. ಮೆಲ್ಲಗೆ ಅಲ್ಲ ಕಣೇ. ವರಾಂಡದಲ್ಲಿ, ನಾಲ್ಕು ಕ್ಲಾಸಿಗೂ ಕೇಳಿಸುವ ಹಾಗೆ, ನನ್ನ ಈ ಕಿವಿಗೂ ಸರಿಯಾಗಿ ಕೇಳಿಸುವ ಹಾಗೆ. "ನಾನೊಬ್ಬಳೇ ಮಾತಾಡಿದ್ದಲ್ಲ ಅಜ್ಜಿ, ಮೂರು ಬೆಂಚಿನವರೂ ಕೇಳ್ತಿದ್ರು, ಬಸ್ಸು ಇಳಿಜಾರಲ್ಲಿ ಹೇಗೆ ನಿಲ್ಲುತ್ತೆ ಅಂತ. ನನ್ನನ್ನ ಮಾತ್ರ ಕಳಿಸಿದ್ರು. ಇದು ಅನ್ಯಾಯ."

ನನಗೆ ನಗು ಬಂತು. ಕೋಪಿಸಿಕೊಂಡಳು.

ಅಷ್ಟರಲ್ಲಿ ಟೀಚರ್ ಬಾಗಿಲಿಗೆ ಓಡಿ ಬಂದರು, ಕೈಯಲ್ಲಿ ಸೀಮೆಸುಣ್ಣ ಹಾಗೇ ಇತ್ತು. "ಅಜ್ಜಿ, ನಾನು ತಿರುಗಿ ನೋಡಲೇ ಇಲ್ಲ. ಯಾರದು ಅಷ್ಟು ಜೋರಾಗಿ ಮಾತಾಡ್ತಿರೋದು, ಎದ್ದು ಹೊರಗೆ ಹೋಗು ಅಂದೆ. ಬಾಗಿಲು ಹಾಕಿಕೊಂಡ ಮೇಲೆ ಗೊತ್ತಾಯ್ತು ಯಾರನ್ನ ಬೈದೆ ಅಂತ" ಅಂದರು. ಕಣ್ಣು ತುಂಬಿತ್ತು. ಪಾಪ, ಜೂನಿನಲ್ಲಿ ನಕ್ಕದ್ದನ್ನು ಆ ಹೆಂಗಸು ಮರೆತೇ ಇಲ್ಲ ಅನಿಸಿತು. ನಾನೂ ಅಲ್ಲೇ ಕ್ಷಮಿಸಿಬಿಟ್ಟೆ. ಒಳಗೆ ಬಾ ಪುಟ್ಟಿ ಅಂತ ಕೈ ಹಿಡಿದರು. ಇವಳು, "ಬೆಲ್ ಆಗೋವರೆಗೂ ಶಿಕ್ಷೆ ಇರುತ್ತೆ ಮಿಸ್, ಎಲ್ಲರಿಗೂ ಹಾಗೇ ತಾನೇ?" ಅಂದಳು. ನೇರವಾಗಿ ಟೀಚರಿಗೇ ಅಂದಳು. ಬೆಲ್ಲಾಗುವವರೆಗೂ ನನ್ನ ಪಕ್ಕದಲ್ಲಿ ಕೂತು ಇಳಿಜಾರು, ಬ್ರೇಕು, ಅನ್ಯಾಯ ಎಲ್ಲವನ್ನೂ ಹೇಳಿ ಮುಗಿಸಿದಳು. ಮೂವತ್ತು ವರ್ಷದಲ್ಲಿ ಎಷ್ಟು ಮಕ್ಕಳು ಹೊರಗೆ ನಿಂತದ್ದು ನೋಡಿದ್ದೇನೆ, ಒಂದು ಮಗುವಿಗೆ ಶಿಕ್ಷೆಯಾದದ್ದಕ್ಕೆ ಇಷ್ಟು ಸಂತೋಷಪಟ್ಟದ್ದಿಲ್ಲ.

ನಿನ್ನ ಪರೀಕ್ಷೆ ಮುಗಿಯಲು ಇನ್ನು ಹದಿನೈದು ದಿನ ಇದೆ. ಕಣ್ಣಲ್ಲಿ ಕಣ್ಣಿಟ್ಟು ಓದು. ಇಲ್ಲಿಯ ಚಿಂತೆ ಬೇಡ.

ಒಂದು ವಿಷಯ ಬಿಟ್ಟಿದ್ದೆ. ಬೆಲ್ಲಾದ ಮೇಲೆ ಒಳಗೆ ಹೋಗುವಾಗ ಬಾಗಿಲಲ್ಲಿ ನಿಂತು ತಿರುಗಿ ನೋಡಿದಳು. "ಅಜ್ಜಿ, ನಾಳೆಯಿಂದ ಇಲ್ಲಿ ಕೂರಬೇಡ. ಗೇಟಿನವರೆಗೆ ಬಂದ್ರೆ ಸಾಕು" ಅಂದಳು. ಸರಿ ಅಂದೆ. ಎದ್ದು ಚೀಲ ತೆಗೆದುಕೊಂಡು ಗೇಟಿನವರೆಗೆ ನಡೆದೆ. ಅಲ್ಲಿ ನಿಂತು ಸ್ವಲ್ಪ ಅತ್ತೆ. ಯಾತಕ್ಕೆ ಅಂತ ನೀನು ಬಂದ ಮೇಲೆ ಇಬ್ಬರೂ ಕೂತು ಮಾತಾಡೋಣ.

ನಾಳೆಯಿಂದ ಕೆಲಸವಿಲ್ಲದ,
ನಿನ್ನ ಅತ್ತೆ